ಪೀಣ್ಯದ ಪ್ಲೇಟಿಂಗ್ ಶೆಡ್‌ನಲ್ಲಿ ಕಾಂಪೋಸಿಟ್ ಕೋಟಿಂಗ್, ಆಮೇಲೆ ಸೋಲಾರ್: ನನ್ನ ಅನುಭವ

ಬೆಂಗಳೂರಿನ ಪೀಣ್ಯ ಎರಡನೇ ಸ್ಟೇಜ್‌ನಲ್ಲಿ ನಂದೊಂದು ಸಣ್ಣ ಪ್ಲೇಟಿಂಗ್ ಯೂನಿಟ್ ಇದೆ, ಅಂದ್ರೆ ಲೋಹದ ಪೀಸ್ ಮೇಲೆ ಬೇರೆ ಲೋಹದ ತೆಳು ಪದರ ಕೂರಿಸೋ ಕೆಲಸ, ನಾನೂ ಸೇರಿ ಏಳು ಜನ. ತುಂಬಾ ಜನ ಫೋನ್ ಮಾಡಿ ಸೋಲಾರ್ ಹಾಕ್ಸಿದ್ಯಂತಲ್ಲ ಎಷ್ಟಾಯ್ತು, ಲಾಭ ಇದ್ಯಾ ಅಂತ ಕೇಳ್ತಾರೆ. ಎರಡು ಮಾತಲ್ಲಿ ಹೇಳಿ ಮುಗಿಸೋ ವಿಷಯ ಅಲ್ಲ ಇದು, ಯಾಕಂದ್ರೆ ನಮ್ಮಲ್ಲಿ ಸೋಲಾರ್ ಕಥೆ ಶುರುವಾಗಿದ್ದೇ ಒಂದು ಕೋಟಿಂಗ್ ಕೆಟ್ಟಿದ್ರಿಂದ. ಅದಕ್ಕೆ ಮೊದಲಿಂದ ಬರೀತಿದೀನಿ.

ಮುಂಚೆ ನಾವು ಹಾರ್ಡ್ ಕ್ರೋಮ್ ಮಾಡ್ತಿದ್ವಿ, ಅಂದ್ರೆ ಬೇಗ ಸವೆಯದ ಹಾಗೆ ಗಟ್ಟಿ ಕ್ರೋಮಿಯಂ ಪದರ. ಕ್ರೋಮ್ ಬಾತ್‌ನಲ್ಲಿರೋ (ಬಾತ್ ಅಂದ್ರೆ ಪೀಸ್ ಮುಳುಗಿಸೋ ಟ್ಯಾಂಕ್‌ನ ದ್ರಾವಣ) ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುತ್ತೆ, ಇದು ಈ ಲೈನ್‌ನಲ್ಲಿರೋ ಎಲ್ಲರಿಗೂ ಗೊತ್ತು. ನಮ್ಮ ಹತ್ರ ಹದಿನೈದು ವರ್ಷದಿಂದ ಕೆಲಸ ಮಾಡೋ ಅಣ್ಣನಿಗೆ ಮೂಗಿನ ಒಳಗೆ ಹುಣ್ಣಾಗಿದ್ದು ನೋಡಿದ ಮೇಲೆ ನಂಗೆ ಆ ಟ್ಯಾಂಕ್ ಮುಂದೆ ನಿಲ್ಲೋಕೇ ಮನಸ್ಸಾಗ್ಲಿಲ್ಲ. ಬೇರೆ ದಾರಿ ಹುಡುಕ್ದಾಗ ಸಿಕ್ಕಿದ್ದು ಎಲೆಕ್ಟ್ರೋಲೆಸ್ ನಿಕಲ್. ಬ್ರೆನರ್, ರಿಡೆಲ್ ಅನ್ನೋ ಇಬ್ರು ಅಮೆರಿಕದಲ್ಲಿ 1946ರಲ್ಲಿ ಇದನ್ನ ಪ್ರಕಟ ಮಾಡಿದ್ರು, ಹಾಗಾಗಿ ಹೊಸದೇನಲ್ಲ. ಇದಕ್ಕೆ ರೆಕ್ಟಿಫೈಯರ್ (ಎಸಿ ಕರೆಂಟನ್ನ ಡಿಸಿ ಮಾಡೋ ಯಂತ್ರ) ಬೇಡ, ಕರೆಂಟ್ ಕೊಟ್ಟು ಲೋಹ ಕೂರಿಸೋದಿಲ್ಲ. ಬಾತ್‌ನಲ್ಲಿರೋ ಸೋಡಿಯಂ ಹೈಪೋಫಾಸ್ಫೈಟ್ ತಾನೇ ನಿಕಲ್ ಅಯಾನನ್ನ ಲೋಹ ಮಾಡಿ ಪೀಸ್ ಮೇಲೆ ಕೂರಿಸುತ್ತೆ, ಜೊತೆಗೆ ಒಂದಿಷ್ಟು ಫಾಸ್ಫರಸ್ಸೂ ಸೇರುತ್ತೆ. ಮೂಲೆ, ತೂತು, ಒಳಗಿನ ಥ್ರೆಡ್ ಎಲ್ಲಾ ಕಡೆ ಒಂದೇ ದಪ್ಪ ಬರುತ್ತೆ. ಆದ್ರೆ ಬಾತ್ 88 ಡಿಗ್ರಿಲಿ ಇರಬೇಕು, ಇಡೀ ದಿನ. ಇದನ್ನ ನೆನಪಿಟ್ಕೊಳ್ಳಿ, ಮುಂದಿನ ಕಥೆ ಎಲ್ಲಾ ಇದರ ಮೇಲೇ.

ನಮ್ಮ ಒಬ್ರು ಗ್ರಾಹಕರು ಕೋಲಾರ, ಚಿಕ್ಕಬಳ್ಳಾಪುರ ಕಡೆ ಸೋಲಾರ್ ಪಂಪ್‌ಸೆಟ್‌ಗೆ ಶಾಫ್ಟ್ ಸ್ಲೀವ್ (ತಿರುಗೋ ಶಾಫ್ಟ್ ಸವೆಯದ ಹಾಗೆ ಅದರ ಮೇಲೆ ಹಾಕೋ ಕೊಳವೆ) ಕೊಡೋರು. ಬೋರ್‌ವೆಲ್ ನೀರಲ್ಲಿ ಬರೋ ಮರಳು ಸ್ಲೀವನ್ನ ಉಜ್ಜಿ ಉಜ್ಜಿ ಆಳವಾಗಿ ಗೀರಿಬಿಡುತ್ತೆ, ಬೆರಳಿಟ್ರೆ ಉಗುರು ಸಿಕ್ಕಾಕೊಳ್ಳೋವಷ್ಟು. ರೈತ ಪಂಪ್ ಮೇಲೆ ಎತ್ತಿಸ್ಬೇಕು ಅಂದ್ರೆ ಅದರ ಖರ್ಚು ಸ್ಲೀವ್ ಬೆಲೆಗಿಂತ ಎಷ್ಟೋ ಪಾಲು ಜಾಸ್ತಿ. ಬರೀ ನಿಕಲ್ ಸಾಲಲ್ಲ ಅಂತ ಅದರೊಳಗೆ ತುಂಬಾ ಗಟ್ಟಿಯಾದ ಸಿಲಿಕಾನ್ ಕಾರ್ಬೈಡ್ ಪುಡಿ ಸೇರಿಸೋಕೆ ಶುರು ಮಾಡಿದ್ವಿ, ಇದಕ್ಕೇ ಕಾಂಪೋಸಿಟ್ ಕೋಟಿಂಗ್ ಅನ್ನೋದು. ಎರಡು ಮೂರು ಮೈಕ್ರಾನ್ ಕಣ, ಲೀಟರಿಗೆ ಐದು ಗ್ರಾಂ. ಬಾತ್‌ನಲ್ಲಿ ತೇಲಾಡ್ತಿರೋ ಕಣ ಪೀಸ್ ಮೇಲೆ ಬಂದು ಕೂತಾಗ ಸುತ್ತ ನಿಕಲ್ ಬೆಳೆದು ಅದನ್ನ ಹಿಡ್ಕೊಳ್ಳುತ್ತೆ, ಕಾಂಕ್ರೀಟ್‌ನಲ್ಲಿ ಜಲ್ಲಿ ಇದ್ದ ಹಾಗೆ. ಆಮೇಲೆ 400 ಡಿಗ್ರಿಲಿ ಒಂದು ಗಂಟೆ ಒವೆನ್‌ನಲ್ಲಿಟ್ರೆ ನಿಕಲ್ ಫಾಸ್ಫೈಡ್ ಕಣಗಳು ಹುಟ್ಟಿ ನಿಕಲ್ಲೇ ಡಬಲ್ ಗಟ್ಟಿಯಾಗುತ್ತೆ, 500 ವಿಕರ್ಸ್ (ಗಟ್ಟಿತನದ ಅಳತೆ) ಇದ್ದಿದ್ದು ಸಾವಿರದ ಹತ್ರ ಹೋಗುತ್ತೆ.

ಇಲ್ಲಿ ನಾನು ಆರು ತಿಂಗಳು ಕಳೆದೆ. ಗಟ್ಟಿ ಬಂತು, ಆದ್ರೆ ತುಕ್ಕು ತಡೆಯೋದು ಕಮ್ಮಿಯಾಯ್ತು. ಒವೆನ್‌ನಲ್ಲಿಟ್ಟಾಗ ಕೋಟಿಂಗ್ ಕುಗ್ಗಿ ಕೂದಲೆಳೆ ಥರ ಬಿರುಕು ಬರುತ್ತೆ, ಕಣದ ಪಕ್ಕದಲ್ಲಿ ನೀರು ಇಳಿಯೋಕೂ ಸಂದಿ ಇರುತ್ತೆ. ಸಾಲ್ಟ್ ಸ್ಪ್ರೇ ಟೆಸ್ಟ್‌ಗೆ (ಉಪ್ಪುನೀರು ಸಿಂಪಡಿಸಿ ತುಕ್ಕು ನೋಡೋ ಪರೀಕ್ಷೆ) ಹಾಕಿದ ಪೀಸ್ ಮೇಲೆ ಕೆಂಪು ಚುಕ್ಕೆ ನೋಡಿ ಹೊಟ್ಟೆ ಉರೀತು. ಕೊನೆಗೆ ಎರಡು ಪದರ ಮಾಡ್ದೆ, ಕೆಳಗೆ ಫಾಸ್ಫರಸ್ ಜಾಸ್ತಿ ಇರೋ ಬರೀ ನಿಕಲ್ 15 ಮೈಕ್ರಾನ್, ಅದರ ಮೇಲೆ ಪುಡಿ ಸೇರಿಸಿದ್ದು 15 ಮೈಕ್ರಾನ್, ಒವೆನ್ ಟೆಂಪರೇಚರೂ ಇಳಿಸಿ ಟೈಮ್ ಜಾಸ್ತಿ ಕೊಟ್ಟೆ. ಸ್ವಲ್ಪ ಗಟ್ಟಿತನ ಬಿಟ್ಕೊಟ್ವಿ, ಆದ್ರೆ ಮರಳಿಗೆ ಮೇಲಿನ ಪದರ, ನೀರಿಗೆ ಕೆಳಗಿನ ಪದರ ಅಂತ ಆಯ್ತು.

ಎಲ್ಲಾ ಸರಿಹೋಯ್ತು ಅನ್ನೋ ಹೊತ್ತಿಗೆ ಒಂದು ಮಳೆಗಾಲದ ಮಧ್ಯಾಹ್ನ ಟ್ಯಾಂಕ್‌ನಲ್ಲಿ 120 ಸ್ಲೀವ್ ಇರುವಾಗ ಕರೆಂಟ್ ಹೋಯ್ತು. ಜನರೇಟರ್ ಹತ್ಕೊಳ್ಳಲಿಲ್ಲ. ಬಾತ್ ಕಲಕೋ ಸ್ಟರರ್ ನಿಂತ ತಕ್ಷಣ ಕಣ ಕೆಳಗೆ ಇಳಿಯೋಕೆ ಶುರು, ನಲವತ್ತು ನಿಮಿಷದಲ್ಲಿ ಬಾತ್ 88ರಿಂದ 77ಕ್ಕೆ ಬಂತು. ಕರೆಂಟ್ ಬಂದ ಮೇಲೆ ನಮ್ಮ ಹುಡುಗ ಗಾಬರಿಲಿ ಎರಡೂ ಹೀಟರ್ ಫುಲ್ ಕೊಟ್ಟ, ತಳದಲ್ಲಿ ಪುಡಿ ದಿಬ್ಬ ಕಟ್ಟಿದ್ದ ಕಡೆ ಹೀಟರ್ ಸುತ್ತ ವಿಪರೀತ ಕಾದು ಬಾತೇ ಒಡೀತು. ನೋಡಿದವರಿಗೆ ಗೊತ್ತು ಅದು ಹೆಂಗಿರುತ್ತೆ ಅಂತ, ಹಸಿರು ಬಾತ್ ಬುಸಬುಸ ಅಂತ ನೊರೆ ಎದ್ದು ಕಪ್ಪಾಗುತ್ತೆ, ನಿಕಲ್ಲೆಲ್ಲ ಪುಡಿಯಾಗಿ ಟ್ಯಾಂಕ್ ಗೋಡೆಗೆ ಮೆತ್ಕೊಳ್ಳುತ್ತೆ, ಹೈಡ್ರೋಜನ್ ಬರೋದ್ರಿಂದ ಹತ್ರ ಬೆಂಕಿ ಇರಬಾರ್ದು. 300 ಲೀಟರ್ ಬಾತ್, 120 ಸ್ಲೀವ್ ಎರಡೂ ಹೋಯ್ತು. ಸ್ಲೀವ್ ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡ್ದೆ. ಮೇಲ್ಮುಖ ಇದ್ದ ಕಡೆ ಕಣ ದಟ್ಟವಾಗಿ ಕೂತು ಸ್ಯಾಂಡ್‌ಪೇಪರ್ ಥರ ಒರಟು, ಕೆಳಮುಖದಲ್ಲಿ ಅಲ್ಲೊಂದು ಇಲ್ಲೊಂದು. ಕರೆಂಟ್ ಎಷ್ಟೊತ್ತಿಗೆ ಹೋಯ್ತು ಅನ್ನೋದು ಕೋಟಿಂಗ್ ಮೇಲೇ ಬರೆದಿಟ್ಟ ಹಾಗಿತ್ತು.

ಆವಾಗಲೇ ಸೋಲಾರ್ ಹಾಕ್ಸೋಣ, ಕರೆಂಟ್ ಹೋದ್ರೂ ಚಿಂತೆ ಇಲ್ಲ ಅಂತ ಅಂದ್ಕೊಂಡೆ. ಬಂದವರು 25 ಕಿಲೋವ್ಯಾಟ್ ಅಂತ ಕೊಟೇಶನ್ ಕೊಟ್ರು. ಕರೆಂಟ್ ಹೋದಾಗ ಇದು ಓಡುತ್ತಾ ಅಂತ ನಾನು ಕೇಳದೇ ಇದ್ದಿದ್ರೆ ಅವರು ಹೇಳ್ತಿರಲಿಲ್ಲ. ಓಡಲ್ಲ. ಗ್ರಿಡ್‌ಗೆ ಕಟ್ಟಿದ ಸಾಮಾನ್ಯ ಇನ್ವರ್ಟರ್ ಕರೆಂಟ್ ಹೋದ ಕೂಡ್ಲೇ ತಾನೂ ಆಫ್ ಆಗುತ್ತೆ, ಇಲ್ಲಾಂದ್ರೆ ಕಂಬ ಹತ್ತಿರೋ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯುತ್ತೆ. ಅದು ಇರಬೇಕಾದ್ದೇ. ಆದ್ರೆ ನನ್ನ ಸಮಸ್ಯೆ ಹಾಗೇ ಉಳೀತು.

ಕೊಟೇಶನ್ ಪಕ್ಕಕ್ಕಿಟ್ಟು ಒಂದು ವಾರ ಕ್ಲಾಂಪ್ ಮೀಟರ್ ಹಿಡ್ಕೊಂಡು ಎಲ್ಲೆಲ್ಲಿ ಎಷ್ಟು ಹೋಗ್ತಿದೆ ಅಂತ ಬರ್ಕೊಂಡೆ. 300 ಲೀಟರ್ ನೀರನ್ನ 25ರಿಂದ 88ಕ್ಕೆ ಏರಿಸೋಕೆ 22 ಯೂನಿಟ್, ಅದು ಲೆಕ್ಕಕ್ಕೆ ಸರಿ ಬಂತು. ಆದ್ರೆ ಬಿಸಿ ಆದ ಮೇಲೂ ಬರೀ ಹಿಡಿದಿಡೋಕೆ ಗಂಟೆಗೆ ಸುಮಾರು 6 ಯೂನಿಟ್ ತಿಂತಿತ್ತು. ಎಲ್ಲಿ ಹೋಗ್ತಿತ್ತು ಅಂದ್ರೆ ಆವಿಯಾಗಿ ಹೋಗ್ತಿತ್ತು, ದಿನಾ ಕಣ್ಮುಂದೆ ಎದ್ದು ಎಕ್ಸಾಸ್ಟ್‌ಗೆ ಹೋಗೋದನ್ನ ನೋಡ್ತಾನೇ ಇದ್ದೆ.

ಮೊದಲು ಟ್ಯಾಂಕ್ ಮೇಲೆ ಪಾಲಿಪ್ರೊಪಿಲೀನ್ ಗೋಲಿ ಸುರಿದೆ, ಟೊಳ್ಳು ಗೋಲಿ, 20 ಮಿಲಿಮೀಟರ್. ಒತ್ತಾಗಿ ಕೂತ್ರೆ ನೀರಿನ ಮೇಲ್ಮೈಯ ನೂರಕ್ಕೆ ತೊಂಬತ್ತು ಭಾಗ ಮುಚ್ಚುತ್ತೆ, ಪೀಸ್ ನೇತುಹಾಕಿರೋ ರ್‍ಯಾಕ್ ಇಳಿಸಿದ್ರೆ ತಾವೇ ಸರಿದು ಜಾಗ ಬಿಟ್ಟು ಮತ್ತೆ ಮುಚ್ಕೊಳ್ತವೆ. ಗೀರು ಬಿದ್ದ ಗೋಲಿ ಮೇಲೆ ನಿಕಲ್ ಹತ್ತುತ್ತೆ, ಅದಕ್ಕೆ ವಾರಕ್ಕೊಂದ್ಸಲ ನೈಟ್ರಿಕ್ ಆ್ಯಸಿಡ್‌ನಲ್ಲಿ ತೊಳೀಬೇಕು. ಟ್ಯಾಂಕ್ ಸುತ್ತ ರಾಕ್‌ವುಲ್, ರಾತ್ರಿಗೆ ಮುಚ್ಚಳ. ಗಂಟೆಗೆ 6 ಇದ್ದಿದ್ದು 2ರ ಹತ್ರ ಬಂತು, ಬೆಳಿಗ್ಗೆ ಬಂದು ನೋಡಿದ್ರೆ ಬಾತ್ ಇನ್ನೂ 55 ಡಿಗ್ರಿ ಇರುತ್ತೆ. ಖರ್ಚು ಹದಿನೆಂಟು ಸಾವಿರ ಚಿಲ್ಲರೆ, ಮೂರು ತಿಂಗಳ ಒಳಗೇ ವಾಪಸ್ ಬಂತು. ಹಾಕಿದ ದುಡ್ಡಲ್ಲಿ ಇಷ್ಟು ಬೇಗ ತಿರುಗಿ ಬಂದಿದ್ದು ಬೇರೊಂದಿಲ್ಲ.

ಎರಡನೇದು ಬ್ಯಾಟರಿ. ಕರೆಂಟ್ ಹೋದಾಗ ಬಾತ್ ಬಿಸಿ ಆಗೋದು ಮುಖ್ಯ ಅಲ್ಲ, ಕಲಕೋದು ಮುಖ್ಯ. ಸ್ಟರರ್‌ದೂ ತಳದಿಂದ ತಿರುಗಿಸೋ ಪಂಪ್‌ದೂ ಸೇರಿ ಮುಕ್ಕಾಲು ಕಿಲೋವ್ಯಾಟ್ ಆಗಲ್ಲ. ಅಂದ ಹಾಗೆ ಆ ಪಂಪ್‌ಗೆ ಫಿಲ್ಟರ್ ಹಾಕೋ ಹಾಗಿಲ್ಲ, ಹಾಕಿದ್ರೆ ಪುಡಿಯೆಲ್ಲಾ ಫಿಲ್ಟರಿಗೇ ಹೋಗುತ್ತೆ. ಹಾಗಾಗಿ 5 ಯೂನಿಟ್ ಕರೆಂಟ್ ಹಿಡಿಯೋ ಲೀಥಿಯಂ ಬ್ಯಾಟರಿ, ಕರೆಂಟ್ ಹೋದ್ರೂ ಬ್ಯಾಟರಿಯಿಂದ ಓಡೋ ಹೈಬ್ರಿಡ್ ಇನ್ವರ್ಟರ್, ಆ ಎರಡೇ ಮೋಟರ್‌ಗೆ ಬೇರೆ ಲೈನ್. ಹೀಟರ್ ಅದಕ್ಕೆ ಕೊಟ್ಟಿಲ್ಲ.

ಅದಾದ ಮೇಲೆ ಪ್ಯಾನೆಲ್. 25 ಬೇಕಿದ್ದಿದ್ದು 15 ಕಿಲೋವ್ಯಾಟ್‌ಗೆ ಇಳೀತು. ನಮ್ಮೂರಲ್ಲಿ ಒಂದು ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಅಂತ ಹಿಡೀಬಹುದು, ಫೆಬ್ರವರಿ, ಮಾರ್ಚ್‌ನಲ್ಲಿ ಚೆನ್ನಾಗಿ ಬರುತ್ತೆ, ಜುಲೈ ಆಗಸ್ಟ್ ಮೋಡಕ್ಕೆ ಇಳಿದುಬಿಡುತ್ತೆ. ಏಳೂವರೆ ಲಕ್ಷ ಆಯ್ತು, ಅರ್ಧ ಬ್ಯಾಂಕ್ ಸಾಲ. ಯಂತ್ರಕ್ಕೆ ಸಿಗೋ ಡಿಪ್ರಿಸಿಯೇಶನ್ (ಸವಕಳಿ ಅಂತ ಟ್ಯಾಕ್ಸ್ ಲೆಕ್ಕದ ಲಾಭದಲ್ಲಿ ಕಳೆಯೋ ಮೊತ್ತ) ಸೋಲಾರ್‌ಗೆ ವರ್ಷಕ್ಕೆ ನೂರಕ್ಕೆ 40 ಇದೆ, ಆಡಿಟರ್‌ನ ಮೊದಲೇ ಕೇಳಿ, ಟ್ಯಾಕ್ಸ್ ಕಟ್ಟೋ ಲಾಭ ಇದ್ರೆ ಮಾತ್ರ ಅದರ ಉಪಯೋಗ. ನನ್ನ ಲೆಕ್ಕದಲ್ಲಿ ಐದೂವರೆ ವರ್ಷಕ್ಕೆ ಹಾಕಿದ್ದು ಬರುತ್ತೆ. ಮೂರು ವರ್ಷಕ್ಕೇ ಬರುತ್ತೆ ಅನ್ನೋರನ್ನ ಕೂತು ಲೆಕ್ಕ ತೋರಿಸಿ ಅಂತ ಕೇಳಿ.

ಒಂದು ತಪ್ಪು ಮಾತ್ರ ಬೇರೆಯವರು ಮಾಡಬಾರ್ದು ಅಂತ ಹೇಳ್ತೀನಿ. ನಮ್ಮ ಆ್ಯಸಿಡ್ ಪಿಕ್ಲಿಂಗ್ (ಪ್ಲೇಟಿಂಗ್‌ಗೆ ಮುಂಚೆ ಆ್ಯಸಿಡ್‌ನಲ್ಲಿ ತುಕ್ಕು ತೆಗೆಯೋದು) ಎಕ್ಸಾಸ್ಟ್ ಪೈಪು ಪ್ಯಾನೆಲ್ ಸಾಲಿನ ಪಶ್ಚಿಮಕ್ಕೆ ಇತ್ತು. ಮಳೆಗಾಲದಲ್ಲಿ ಗಾಳಿ ಆ ಕಡೆಯಿಂದಲೇ ಬೀಸೋದು. ಎಂಟು ತಿಂಗಳಿಗೆ ಹತ್ತಿರದ ಸಾಲಿನ ಗ್ಯಾಲ್ವನೈಸ್ಡ್ (ಜಿಂಕ್ ಲೇಪಿಸಿದ) ಕಾಲುಗಳ ಮೇಲೆ ಸುಣ್ಣದ ಥರ ಬಿಳಿ ತುಕ್ಕು, ಉಜ್ಜಿದ್ರೆ ಕೈಗೆ ಪುಡಿ. ಹೈಡ್ರೋಕ್ಲೋರಿಕ್ ಆ್ಯಸಿಡ್ ಹೊಗೆಗೆ ಜಿಂಕ್ ನಿಲ್ಲಲ್ಲ, ಅದು ನಂಗೆ ಗೊತ್ತಿತ್ತು, ಆದ್ರೂ ಮೇಲೆ ಹತ್ತಿ ನೋಡಿರಲಿಲ್ಲ. ಪೈಪಿಗೆ ಹೊಗೆ ತೊಳೆಯೋ ಸ್ಕ್ರಬ್ಬರ್ ಹಾಕಿ, ಎತ್ತರ ಮಾಡಿ, ಆ ಸಾಲಿನ ಕಾಲುಗಳನ್ನ ಬದಲಾಯಿಸಿ ಎಪಾಕ್ಸಿ ಬಳಿಸಿದೀನಿ, ಬೋಲ್ಟ್ ಎಲ್ಲಾ 316 ಸ್ಟೇನ್‌ಲೆಸ್.

ಕಳೆದ ತಿಂಗಳು ಮತ್ತೆ ಕರೆಂಟ್ ಹೋಯ್ತು, ಹೆಚ್ಚುಕಮ್ಮಿ ಅದೇ ನಲವತ್ತು ನಿಮಿಷ. ಶೆಡ್ ಪೂರ್ತಿ ಸೈಲೆಂಟ್, ಸ್ಟರರ್ ಒಂದೇ ಗೊರ್ ಅಂತಿತ್ತು. ಬಾತ್ 84ಕ್ಕೆ ಇಳಿದಿತ್ತು ಅಷ್ಟೆ, ಹುಡುಗ ಒಂದೇ ಹೀಟರ್ ಹಾಕಿ ನಿಧಾನಕ್ಕೆ ಏರಿಸಿದ, ಆ ಬ್ಯಾಚ್‌ಗೆ ಇಪ್ಪತ್ತು ನಿಮಿಷ ಜಾಸ್ತಿ ಕೊಟ್ವಿ. ಒಂದು ಸ್ಲೀವ್ ಕತ್ತರಿಸಿ ನೋಡ್ದೆ, ಸುತ್ತಲೂ ಕಣ ಒಂದೇ ಸಮ ಇತ್ತು. ಉಳಿದದ್ದು ಮಾರನೇ ದಿನ ಕೋಲಾರದ ಗಾಡಿಗೆ ಹೋಯ್ತು.