ವಾಕಿಂಗ್ ವೇಗಕ್ಕೆ ವಾಚ್ ಬೇಡ, ಮಾತಾಡಿ ನೋಡಿ

ತೂಕ ಜಾಸ್ತಿ ಇದ್ದು, ಜೊತೆಗೆ ಬಿಪಿ, ಶುಗರ್, ಹಾರ್ಟ್ ತೊಂದರೆಯೂ ಇರುವವರು ನಡೆಯುವಾಗ ವಾಚಿನಲ್ಲಿ ಹಾರ್ಟ್ ರೇಟ್ ನೋಡುವ ಬದಲು ಒಂದು ಉದ್ದ ವಾಕ್ಯ ಹೇಳಿ ನೋಡಿ. ಸಲೀಸಾಗಿ ಮಾತಾಡಬಹುದು, ಆದರೆ ಹಾಡಲು ಉಸಿರು ಸಾಲದು ಎನ್ನುವಂತಿದ್ದರೆ ವೇಗ ಸರಿಯಾಗಿದೆ. ನಾಲ್ಕು ಪದಕ್ಕೇ ಉಸಿರು ಎಳೆದುಕೊಳ್ಳುವಂತಾದರೆ ನಿಧಾನ ಮಾಡಿ. ಇದು ಯಾಕೆ ಒಳ್ಳೆಯದು ಅಂದರೆ, ಬಿಪಿ, ಹಾರ್ಟ್ ತೊಂದರೆಗೆ ಕೊಡುವ ಮೆಟೊಪ್ರೊಲಾಲ್, ಅಟೆನೊಲಾಲ್ ತರಹದ ಬೀಟಾ ಬ್ಲಾಕರ್ ಮಾತ್ರೆಗಳು ಹೃದಯದ ಬಡಿತ ಏರದಂತೆ ಹಿಡಿದಿಡುತ್ತವೆ. ಇವನ್ನು ತೆಗೆದುಕೊಳ್ಳುವವರು 220ರಿಂದ ವಯಸ್ಸು ಕಳೆದು ಲೆಕ್ಕ ಹಾಕಿದ ಹಾರ್ಟ್ ರೇಟ್ ಗುರಿ ಮುಟ್ಟಲು ಹೊರಟರೆ ಸುಮ್ನೆ ಮೈಮೇಲೆ ಭಾರ ಹಾಕಿಕೊಂಡಂತೆ. ಉಸಿರು ಹಾಗಲ್ಲ, ಆ ದಿನ ದೇಹಕ್ಕೆ ಎಷ್ಟು ಕಷ್ಟವಾಗುತ್ತಿದೆ ಅಂತ ಅದು ನೇರವಾಗಿ ತೋರಿಸುತ್ತದೆ. ಆದರೆ ಅಸ್ತಮಾ, ಸಿಒಪಿಡಿ (ಶ್ವಾಸಕೋಶದ ದೀರ್ಘಕಾಲದ ಕಾಯಿಲೆ) ಇರುವವರಿಗೆ ಇದೊಂದನ್ನೇ ನಂಬಲು ಆಗುವುದಿಲ್ಲ, ಅವರಿಗೆ ಬೇರೆ ಕಾರಣಕ್ಕೂ ಉಸಿರು ಕಟ್ಟುತ್ತದೆ ಅಲ್ವಾ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿಯುವುದನ್ನು ಈ ಪರೀಕ್ಷೆ ಹೇಳುವುದೇ ಇಲ್ಲ. ಬೀಟಾ ಬ್ಲಾಕರ್ ಕೂಡ ಇದ್ದರೆ ಶುಗರ್ ಇಳಿದಾಗ ಎದೆ ಢವಢವ ಅನ್ನುವುದು, ಕೈ ನಡುಗುವುದು ಗೊತ್ತಾಗದೇ ಹೋಗಬಹುದು. ಬೆವರುವುದು ಮಾತ್ರ ಸಾಮಾನ್ಯವಾಗಿ ಹಾಗೇ ಇರುತ್ತದೆ, ಕಾರಣವಿಲ್ಲದೆ ತಣ್ಣನೆ ಬೆವರಿದರೆ ನಿಂತು ಶುಗರ್ ನೋಡಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಎದೆ ಬಿಗಿತ, ದವಡೆ ನೋವು, ತಲೆಸುತ್ತು ಬಂದರೆ ಮಾತು ಸಲೀಸಾಗಿದ್ದರೂ ನಡೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಕುಳಿತ ಮೇಲೂ ಕಡಿಮೆಯಾಗದಿದ್ದರೆ ಕಾಯಬೇಡಿ, ತಕ್ಷಣ ಆಂಬುಲೆನ್ಸ್ ಕರೆಯಿರಿ.