ಕಣ್ಣಿನ ಬಿಳಿಯಲ್ಲಿ ಬೂದು ಕಲೆ ಕಂಡರೆ ಏನು ಮಾಡಬೇಕು?

ಕಣ್ಣಿನ ಬಿಳಿ ಸ್ವಲ್ಪ ಬಣ್ಣ ಬದಲಾಯಿಸಿದರೂ ಸಾಕು, ನಮ್ಮ ದಾವಣಗೆರೆ ಕಡೆ ಕಾಮಾಲೆ ಅಂತ ತೀರ್ಮಾನಿಸಿ ಖಾಲಿ ಹೊಟ್ಟೆಗೆ ನಾಟಿ ಔಷಧಿ ಕುಡಿಸಿಬಿಡುತ್ತಾರೆ. ತಡೀರಿ. ಮೊದಲು ಹಗಲು ಹೊತ್ತಿನಲ್ಲಿ ಬಾಗಿಲ ಹತ್ತಿರ ನಿಲ್ಲಿಸಿ ಕಣ್ಣು ನೋಡಿ, ಟ್ಯೂಬ್‌ಲೈಟ್ ಬೆಳಕು ಬೇಡ.

ಬಿಳಿ ಪೂರ್ತಿ ಹಳದಿಯಾಗಿದ್ದರೆ ಕಾಮಾಲೆ ಇರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಕಪ್ಪು ಭಾಗದ ಸುತ್ತ ತೆಳುವಾದ ಕಂದು ಬಣ್ಣ ನಮ್ಮಂಥ ಮೈಬಣ್ಣದವರಿಗೆ ಮಾಮೂಲು. ಒಂದೇ ಚುಕ್ಕೆ ಇದ್ದು ಬೆಳೆಯುತ್ತಿದ್ದರೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಆದರೆ ಎರಡೂ ಕಣ್ಣಲ್ಲಿ, ಕಪ್ಪು ಭಾಗಕ್ಕೂ ಕಣ್ಣಿನ ಮೂಲೆಗೂ ನಡುವೆ, ಮಸಿ ಒರೆಸಿದಂಥ ಬೂದು ಕಲೆ ಇದ್ದು, ವಯಸ್ಸು 30 ದಾಟಿ, ಸೊಂಟನೋವೂ ಬಿಡದೆ ಕಾಡುತ್ತಿದ್ದರೆ ಆಲ್ಕ್ಯಾಪ್ಟೊನೂರಿಯಾ ಇದೆಯಾ ಅಂತ ನೋಡಿಸಬೇಕು. ಇದು ಹುಟ್ಟಿನಿಂದಲೇ ಬರುವ, ತುಂಬಾ ಅಪರೂಪದ ಕಾಯಿಲೆ. ಊಟದ ಪ್ರೋಟೀನಿನಿಂದ ಮೈಯಲ್ಲಿ ಹುಟ್ಟುವ ಹೋಮೋಜೆಂಟಿಸಿಕ್ ಆಮ್ಲ ಒಡೆಯದೆ ಮೈಯಲ್ಲೇ ಉಳಿದು ಕಣ್ಣು, ಕಿವಿ, ಕೀಲುಗಳಲ್ಲಿ ಕೂರುತ್ತದೆ. ಕಿವಿಯ ಗಟ್ಟಿ ಭಾಗವೂ ನೀಲಿಗಪ್ಪಾಗಿದೆಯಾ ನೋಡಿ.

ಮನೆಯಲ್ಲೇ ಒಂದು ಸುಳಿವು ಸಿಗುತ್ತದೆ. ಮೂತ್ರವನ್ನು ಗಾಜಿನ ಬಾಟ್ಲಿಯಲ್ಲಿ ಹಿಡಿದು, ಮುಚ್ಚಳ ಹಾಕದೆ ಮರುದಿನದವರೆಗೆ ಇಡಿ. ಈ ಕಾಯಿಲೆ ಇದ್ದರೆ, ಮೊದಲು ಮಾಮೂಲಿಯಾಗಿದ್ದದ್ದು ಗಾಳಿ ತಾಗುವ ಮೇಲ್ಭಾಗದಿಂದ ಶುರುವಾಗಿ ಕಪ್ಪಗಾಗುತ್ತಾ ಇಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಗೊತ್ತಾಗುತ್ತದೆ. ಅಮ್ಮನನ್ನೂ ಕೇಳಿ, ಮಗುವಾಗಿದ್ದಾಗ ಕೌದಿ ಮೇಲಿನ ಕಲೆ ಸೋಪು ಹಾಕಿ ತೊಳೆದಷ್ಟೂ ಇನ್ನೂ ಕಪ್ಪಾಗುತ್ತಿತ್ತಾ ಅಂತ. ಇಂಥದ್ದನ್ನು ತಾಯಂದಿರು ಮರೆಯಲ್ಲ ಬಿಡಿ. ಮೂತ್ರ ಹೊರಗೆ ಬರುವಾಗಲೇ ಕಡು ಬಣ್ಣವಿದ್ದರೆ ಅದು ಬೇರೆ ಸಮಸ್ಯೆ, ಕಾಯಬೇಡಿ. ಬಾಟ್ಲಿಯಲ್ಲಿ ಕಪ್ಪಾಗಲಿಲ್ಲ ಅಂದಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲೂ ಅಲ್ಲ.

ಆಮೇಲೆ ಚಿಗಟೇರಿ ಜಿಲ್ಲಾಸ್ಪತ್ರೆಗೋ ಬಾಪೂಜಿಗೋ ಹೋಗಿ ಮೆಡಿಸಿನ್ ಡಾಕ್ಟರ ಹತ್ತಿರ ಕಣ್ಣು, ಸೊಂಟ, ಮೂತ್ರ ಮೂರನ್ನೂ ಒಟ್ಟಿಗೆ ಹೇಳಿ. ಒಂದೊಂದನ್ನೇ ಬೇರೆಬೇರೆ ಡಾಕ್ಟರಿಗೆ ತೋರಿಸುತ್ತಾ ಹೋದರೆ ಯಾರಿಗೂ ಹೊಳೆಯಲ್ಲ. ಮೂತ್ರದಲ್ಲಿ ಹೋಮೋಜೆಂಟಿಸಿಕ್ ಆಮ್ಲ ಅಳೆಯುವ ಪರೀಕ್ಷೆ ಆಗಬೇಕು, ಸ್ಯಾಂಪಲ್ ಹೊರಗೆ ಕಳಿಸಬೇಕಾದೀತು.

ಕಣ್ಣಿನ ಕಲೆಗೆ ಡ್ರಾಪ್ಸ್ ಬೇಡ, ಅದರಿಂದ ದೃಷ್ಟಿಗೇನೂ ಆಗಲ್ಲ. ಕಾಪಾಡಬೇಕಾದ್ದು ಬೆನ್ನು, ಮಂಡಿ. ಮೂಟೆ ಹೊರುವ ಕೆಲಸ ಬಿಡಿ. ಈ ಆಮ್ಲವನ್ನು ಕಡಿಮೆ ಮಾಡುವ ನೈಟಿಸಿನೋನ್ ಮಾತ್ರೆಗೆ ಯುರೋಪಿನಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿದೆ, ಆದರೆ ಅದು ರಕ್ತದಲ್ಲಿ ಟೈರೋಸಿನ್ ಅನ್ನುವ ಅಮೈನೋ ಆಮ್ಲ ಏರಿಸಿ ಕಣ್ಣಿಗೇ ತೊಂದರೆ ಮಾಡಬಹುದು, ಡಾಕ್ಟರ್ ಬರೆಯದೆ ತಗೋಬೇಡಿ.

ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇದು ಜಾಸ್ತಿ ಅಂತ ಇಂಗ್ಲೆಂಡಿನ ಡಾಕ್ಟರ್ ಆರ್ಚಿಬಾಲ್ಡ್ ಗ್ಯಾರಡ್ 1902ರಲ್ಲೇ ಗುರುತಿಸಿದ್ದರು. ನಮ್ಮಲ್ಲಿ ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದವರು ಕಡಿಮೆಯೇನಿಲ್ಲ ಅಲ್ವಾ? ಒಬ್ಬರಿಗೆ ಇದ್ದರೆ ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ, ಅವರ ಮೂತ್ರವನ್ನೂ ಪರೀಕ್ಷೆ ಮಾಡಿಸಿ.