ಆಲಮಟ್ಟಿ ಹಿನ್ನೀರಿಗೆ ಯಾವ ದೋಣಿ: ಚಪ್ಪಟೆ ತಳದ್ದೋ, ವಿ ತಳದ್ದೋ?

ಎರಡು ಅಲ್ಯೂಮಿನಿಯಂ ದೋಣಿ ನಿಮ್ಮ ಮುಂದಿವೆ ಅಂದುಕೊಳ್ಳಿ. ಎರಡೂ 14 ಅಡಿ, ಎರಡಕ್ಕೂ ಹಿಂದೆ ಔಟ್‌ಬೋರ್ಡ್ ಎಂಜಿನ್ ಕೂರುತ್ತದೆ, ಬೆಲೆಯಲ್ಲೂ ಅಂಥ ವ್ಯತ್ಯಾಸ ಇಲ್ಲ. ಒಂದರ ತಳ ಚಪ್ಪಟೆ, ಮೂತಿ ಚೌಕ. ಇದಕ್ಕೆ ಜಾನ್ ಬೋಟ್ ಅಂತಾರೆ. ಇನ್ನೊಂದರ ಮೂತಿ ಚೂಪು, ತಳ ವಿ ಅಕ್ಷರದ ಹಾಗೆ ನಡುವೆ ಕೆಳಗಿಳಿದಿದೆ. ಯಾವುದು ಒಳ್ಳೆಯದು ಅಂತ ಕೇಳಿದರೆ ನಾನು ದೋಣಿಯ ಮಾತು ಆಮೇಲೆ ಅನ್ನುತ್ತೇನೆ. ಮೊದಲು ನಿಮ್ಮ ದಂಡೆ ಹೇಳಿ. ದೋಣಿಯನ್ನು ಎಲ್ಲಿ ನೀರಿಗೆ ಇಳಿಸುತ್ತೀರಿ, ಯಾವ ತಿಂಗಳಲ್ಲಿ, ಎಷ್ಟು ದೂರ ಹೋಗುತ್ತೀರಿ?

ಯಾಕೆಂದರೆ ನಮ್ಮ ಕಡೆ ನೀರು ವರ್ಷವಿಡೀ ಒಂದೇ ಥರ ಇರುವುದಿಲ್ಲ. ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಆಗ ಹಿನ್ನೀರು ಘಟಪ್ರಭೆಯ ಗುಂಟ ಹಳೇ ಬಾಗಲಕೋಟೆಯವರೆಗೂ ಬಂದು ನಿಲ್ಲುತ್ತದೆ. ಬೇಸಿಗೆಗೆ ಅದೇ ನೀರು ಎಷ್ಟೋ ಮೀಟರ್ ಕೆಳಗಿಳಿದು, ದಂಡೆ ದೂರ ದೂರ ಸರಿದು, ನಡುವೆ ಬರೀ ಎರೆಮಣ್ಣಿನ ರಾಡಿ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ ಮನೆ ಹತ್ತಿರವೇ ದೋಣಿ ಇಳಿಸಿದವರು ಏಪ್ರಿಲಿನಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ಅದನ್ನು ಎಳೆಯಬೇಕು. ಮಳೆಗಾಲದ ಗಾಳಿ ಇನ್ನೊಂದು ವಿಷಯ. ಅದು ಪಡುವಣ ದಿಕ್ಕಿನಿಂದ ಬೀಸುತ್ತದೆ, ಕೃಷ್ಣೆಯೂ ಪಡುವಣದಿಂದಲೇ ಬರುತ್ತಾಳೆ. ಹಾಗಾಗಿ ಗಾಳಿಗೆ ಬಯಲು ನೀರಿನ ಮೇಲೆ ಓಡಲು ಉದ್ದಕ್ಕೂ ಜಾಗ ಸಿಗುತ್ತದೆ, ಮೂಡಣಕ್ಕೆ ಹೋದಂತೆಲ್ಲ ಅಲೆ ದೊಡ್ಡದಾಗುತ್ತದೆ. ಬೆಳಿಗ್ಗೆ ಸಪಾಟಾಗಿದ್ದ ನೀರು ಮಧ್ಯಾಹ್ನಕ್ಕೆ ಬೇರೆಯೇ ಆಗಿರುತ್ತದೆ.

ಚಪ್ಪಟೆ ತಳದ ದೋಣಿಯ ದೊಡ್ಡ ಗುಣ ಅಂದರೆ ಅದು ನೀರಿನಲ್ಲಿ ಜಾಸ್ತಿ ಇಳಿಯುವುದಿಲ್ಲ. ಇಬ್ಬರು ಮನುಷ್ಯರು, ಬಲೆ, ಎಂಜಿನ್ ಎಲ್ಲ ಸೇರಿದರೂ ಸುಮಾರು 5-6 ಇಂಚು ನೀರು ಸಾಕು. ಅಷ್ಟೇ ಭಾರಕ್ಕೆ ವಿ ತಳದ್ದಕ್ಕೆ 8-10 ಇಂಚು ಬೇಕು. ಆದರೆ ಮಾರುವವರು ಇಲ್ಲಿ ಒಂದು ಮಾತು ಹೇಳುವುದಿಲ್ಲ. ಎಂಜಿನ್ ಕೆಳಗಿಳಿಸಿದರೆ ಪ್ರೊಪೆಲ್ಲರ್ ದೋಣಿಯ ತಳಕ್ಕಿಂತ ಇನ್ನೂ ಕೆಳಗಿರುತ್ತದೆ, ಅಲ್ವಾ? ಆಗ ಎರಡೂ ದೋಣಿಗೆ ಒಂದೂವರೆ ಅಡಿಯಿಂದ ಎರಡು ಅಡಿ ನೀರು ಬೇಕೇ ಬೇಕು. ಅಂದರೆ ಆ 3-4 ಇಂಚಿನ ವ್ಯತ್ಯಾಸ ಉಪಯೋಗಕ್ಕೆ ಬರುವುದು ಎಂಜಿನ್ ಮೇಲೆತ್ತಿ, ಹುಟ್ಟು ಹಾಕಿಕೊಂಡೋ ಗಳ ಊರಿಕೊಂಡೋ ದಂಡೆಗೆ ಬರುವಾಗ. ದಿನಾ ಹಾಗೆ ಬರುವವರಿಗೆ ಅದು ದೊಡ್ಡ ಲಾಭ. ಕಟ್ಟಿದ ಘಾಟಿನಿಂದ ಆಳದ ನೀರಿಗೆ ಸೀದಾ ಇಳಿಸುವವರಿಗೆ ಅದರಿಂದ ಏನೂ ಆಗಬೇಕಿಲ್ಲ.

ಕೆಸರಿನಲ್ಲಿ ಎಳೆಯುವಾಗಲೂ ಚಪ್ಪಟೆ ತಳದ್ದೇ ಹಗುರ. ರಾಡಿಯ ಮೇಲೆ ಜಾರಿಕೊಂಡು ಬರುತ್ತದೆ. ವಿ ತಳದ ನಡುಗೆರೆ ಎರೆಮಣ್ಣಿನಲ್ಲಿ ಹೂತುಕೊಂಡರೆ ನಾಲ್ಕು ಜನ ಸೇರಿ ಎಳೆದರೂ ಕಷ್ಟ. ಕಲ್ಲಿನ ದಂಡೆಯಲ್ಲಿ ಮಾತ್ರ ಇದು ಉಲ್ಟಾ. ಅಲ್ಲಿ ಚಪ್ಪಟೆಯದ್ದರ ಹೊಟ್ಟೆ ಪೂರ್ತಿ ತರಚುತ್ತದೆ, ವಿ ತಳದ್ದರಲ್ಲಿ ನಡುವಿನ ಗಟ್ಟಿ ಪಟ್ಟಿಯಷ್ಟೇ ಸವೆಯುತ್ತದೆ.

ಈಗ ಅಲೆಯ ವಿಷಯ, ನನ್ನ ಪ್ರಕಾರ ನಿರ್ಧಾರ ಆಗಬೇಕಾದದ್ದು ಇಲ್ಲೇ. ಒಂದು ಅಡಿ ಎತ್ತರದ ಅಲೆ ಎದುರಾದರೆ ಸಾಕು, ಚಪ್ಪಟೆ ತಳ ಪ್ರತಿ ಅಲೆಗೂ ರೊಟ್ಟಿ ಬಡಿದ ಹಾಗೆ ಪಟಪಟ ಬಡಿಯುತ್ತದೆ. ಬೆನ್ನಿಗೆ ಏಟು, ರಿವೆಟ್‌ಗೂ ಏಟು, ಮೂತಿಯಿಂದ ನೀರು ಸಿಡಿದು ಮೈಯೆಲ್ಲ ಒದ್ದೆ. ಅಡ್ಡಗಾಳಿಗೆ ದೋಣಿ ಪಕ್ಕಕ್ಕೆ ಜಾರುತ್ತದೆ, ತಿರುವಿನಲ್ಲೂ ಜಾರುತ್ತದೆ. ಇದಕ್ಕಿಂತ ಅಪಾಯ ಅಂದರೆ ಗಾಳಿ ಬೆನ್ನಿಗಿದ್ದಾಗ ಚೌಕ ಮೂತಿ ಮುಂದಿನ ಅಲೆಯ ಬೆನ್ನಿಗೆ ನುಗ್ಗಿ ನೀರನ್ನು ಒಳಗೆ ಮೊಗೆಯಬಹುದು. ವಿ ತಳ ಅಲೆಯನ್ನು ಸೀಳಿಕೊಂಡು ಹೋಗುತ್ತದೆ, ನೀರನ್ನು ಎರಡೂ ಬದಿಗೆ ಎಸೆಯುತ್ತದೆ, ಹಿಡಿದ ದಾರಿ ಬಿಡುವುದಿಲ್ಲ. ಕೊಲ್ಹಾರ-ಕೊರ್ತಿ ಸೇತುವೆಯ ಮೇಲೆ ನಿಂತು ಒಮ್ಮೆ ನೀರು ನೋಡಿ, ಸೇತುವೆಯೇ ಸುಮಾರು 3 ಕಿಲೋಮೀಟರ್ ಇದೆ. ಅಂಥ ಅಗಲವನ್ನು ಮಳೆಗಾಲದ ಮಧ್ಯಾಹ್ನ ಚಪ್ಪಟೆ ದೋಣಿಯಲ್ಲಿ ದಾಟುವುದು ಬೇಡ, ದಯವಿಟ್ಟು ಬೇಡ.

ನಿಂತ ನೀರಿನಲ್ಲಿ ಲೆಕ್ಕ ಮತ್ತೆ ತಿರುಗುತ್ತದೆ. ದೋಣಿಯ ಒಂದು ಬದಿಗೆ ನಿಂತು ಬಲೆ ಎಳೆದು ನೋಡಿ. ಚಪ್ಪಟೆ ತಳದ್ದು ಸ್ವಲ್ಪ ಬಾಗಿ ಹಾಗೇ ನಿಲ್ಲುತ್ತದೆ, ಕಾಲಿಗೆ ಧೈರ್ಯ ಬರುತ್ತದೆ. ವಿ ತಳದ್ದು ಮೊದಲು ಸರಕ್ಕನೆ ವಾಲುತ್ತದೆ, ಹೊಸಬರು ಹೆದರಿ ಕೂತುಬಿಡುತ್ತಾರೆ. ಆದರೆ ಒಂದು ಮಟ್ಟಕ್ಕೆ ವಾಲಿದ ಮೇಲೆ ಅದು ಗಟ್ಟಿಯಾಗಿ ತಡೆಯುತ್ತದೆ. ಚಪ್ಪಟೆಯದ್ದು ಹಾಗಲ್ಲ. ತಡೆಯುವಷ್ಟು ತಡೆದು, ಅಂಚು ನೀರಿಗೆ ತಾಗಿದರೆ ಆಮೇಲೆ ಸುಧಾರಿಸಿಕೊಳ್ಳಲು ಸಮಯ ಕೊಡುವುದಿಲ್ಲ. ಅದಕ್ಕೇ ಇಬ್ಬರೂ ಒಂದೇ ಬದಿಗೆ ಹೋಗುವ ಅಭ್ಯಾಸ ಇಟ್ಟುಕೊಳ್ಳಬೇಡಿ, ದೋಣಿ ಎಷ್ಟೇ ಅಲುಗದೆ ನಿಂತಿರಲಿ.

ಎಂಜಿನ್ ಖರ್ಚು ಚಪ್ಪಟೆ ತಳದ್ದಕ್ಕೆ ಕಡಿಮೆ. ಇಬ್ಬರು ಕೂತ 14 ಅಡಿಯ ಹಗುರ ದೋಣಿ 10 ಹಾರ್ಸ್‌ಪವರ್‌ಗೆ ನೀರಿನ ಮೇಲೆದ್ದು ಓಡಬಲ್ಲದು, ಅದೇ ಓಟಕ್ಕೆ ವಿ ತಳದ್ದು 15 ಅಥವಾ 20 ಕೇಳುತ್ತದೆ. ಪೆಟ್ರೋಲ್ ಲೆಕ್ಕವೂ ಹಾಗೇ. ದೋಣಿಯ ಹಿಂದೆ ಒಂದು ಪಟ್ಟಿ ಹಚ್ಚಿರುತ್ತಾರೆ, ಅದರಲ್ಲಿ ಬರೆದ ಹಾರ್ಸ್‌ಪವರ್ ಮೀರಬೇಡಿ. ಪಟ್ಟಿ ಇಲ್ಲದಿದ್ದರೆ ಎಷ್ಟು ಜನ ಅನ್ನೋದಕ್ಕೆ ಅಮೆರಿಕದಲ್ಲಿ ಚಿಕ್ಕ ದೋಣಿಗೆ ಬಳಸುವ ಒಂದು ಸರಳ ಲೆಕ್ಕ ಇದೆ. ಉದ್ದ ಮತ್ತು ಅಗಲವನ್ನು ಅಡಿಯಲ್ಲಿ ಗುಣಿಸಿ 15ರಿಂದ ಭಾಗಿಸಿ. 14 ಅಡಿ ಉದ್ದ, 5 ಅಡಿ ಅಗಲ ಇದ್ದರೆ 4 ಜನ. ಅದೂ ಗಾಳಿ ಇಲ್ಲದ ದಿನಕ್ಕೆ. ಒದ್ದೆ ಬಲೆ, ಮೀನು, ಐಸ್ ಡಬ್ಬಿ ಹೇರಿದರೆ ಒಬ್ಬಿಬ್ಬರನ್ನು ಕಳೆಯಿರಿ. ಎಂಜಿನ್ ಕೊಳ್ಳುವ ಮೊದಲು ಅದು ಕೂರುವ ಹಿಂದಿನ ಹಲಗೆಯ ಎತ್ತರ ಅಳೆಯಿರಿ. ಸುಮಾರು 15 ಇಂಚು ಇದ್ದರೆ ಶಾರ್ಟ್ ಶಾಫ್ಟ್, ಅಂದರೆ ಗಿಡ್ಡ ಕಾಲಿನ ಎಂಜಿನ್; 20 ಇಂಚು ಇದ್ದರೆ ಲಾಂಗ್ ಶಾಫ್ಟ್, ಅಂದರೆ ಉದ್ದ ಕಾಲಿನದ್ದು. ಇದು ತಪ್ಪಿದರೆ ಒಂದೋ ಪ್ರೊಪೆಲ್ಲರ್ ಗಾಳಿ ಎಳೆದು ಸುಮ್ನೆ ಅರಚುತ್ತದೆ, ಇಲ್ಲವೋ ಬೇಡದೆ ಆಳಕ್ಕಿಳಿದು ಮುಳುಗಡೆಯಾದ ಜಾಲಿ ಬೊಡ್ಡೆಗೆ ಬಡಿಯುತ್ತದೆ. ನಮ್ಮ ಹಿನ್ನೀರಿನ ತಳದಲ್ಲಿ ಹಳೇ ಗೋಡೆ, ಗಿಡದ ಬೊಡ್ಡೆ ಎಲ್ಲ ಇವೆ, ನೀರು ಇಳಿಯುವ ತಿಂಗಳುಗಳಲ್ಲಿ ನಿಧಾನವೇ ಸರಿ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಹೊಸ ಬಣ್ಣಕ್ಕೆ ಮರುಳಾಗಬೇಡಿ. ದೋಣಿಯನ್ನು ಎರಡು ಮರದ ತುಂಡಿನ ಮೇಲೆ ಏರಿಸಿ, ಒಳಗೆ ನಾಲ್ಕೈದು ಇಂಚು ನೀರು ಸುರಿಯಿರಿ, ಅಡಿಯಲ್ಲಿ ಒಣ ಬಟ್ಟೆಯಿಂದ ಒರೆಸಿ ಹತ್ತು ನಿಮಿಷ ಕಾಯಿರಿ. ಯಾವ ರಿವೆಟ್ ಸಡಿಲವಾಗಿದೆಯೋ ಅಲ್ಲಿ ಹನಿ ಕೂರುತ್ತದೆ, ಚಾಕ್‌ಪೀಸಿನಿಂದ ಗುರುತು ಹಾಕಿ ಎಣಿಸಿ. ಮೂರೋ ನಾಲ್ಕೋ ಆದರೆ ಬಡಿದು ಬಿಗಿ ಮಾಡಿಸಬಹುದು. ಸಾಲಿಗೆ ಸಾಲೇ ತೊಟ್ಟಿಕ್ಕಿದರೆ ಬಿಡಿ, ಬೇರೆ ನೋಡಿ. ಚಪ್ಪಟೆ ತಳದ ಹಳೇ ದೋಣಿಯಲ್ಲಿ ಇದನ್ನು ಇನ್ನೂ ಹುಷಾರಾಗಿ ನೋಡಿ, ಅಲೆಯ ಏಟು ತಿಂದಿರುವುದು ಅದರ ತಳವೇ. ವೆಲ್ಡ್ ಮಾಡಿದ ದೋಣಿಯಲ್ಲಿ ರಿವೆಟ್ ಕಾಟ ಇಲ್ಲ, ಆದರೆ ವೆಲ್ಡಿನ ಪಕ್ಕ ಕೂದಲೆಳೆಯ ಬಿರುಕು ಹುಡುಕಿ.

ಆಮೇಲೆ ಎಂಜಿನ್ನನ್ನು ಮೇಲಕ್ಕೆ ಮಡಚಿ ಕೈಯಿಂದ ಒತ್ತಿ. ಹಿಂದಿನ ಹಲಗೆ ಕಣ್ಣಿಗೆ ಕಾಣುವಷ್ಟು ಬಾಗಿದರೆ ಒಳಗಿನ ಮರ ಕೊಳೆತಿದೆ ಅಂತಲೇ ಲೆಕ್ಕ. ಬದಲಾಯಿಸುವಾಗ ತಾಮ್ರದ ಔಷಧಿ ಹಾಕಿದ ಪ್ಲೈವುಡ್ ಬೇಡ, ತಾಮ್ರ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಸೀಟಿನ ಕೆಳಗಿನ ಫೋಮನ್ನೂ ಒತ್ತಿ ನೋಡಿ. ದೋಣಿಗೆ ನೀರು ತುಂಬಿದರೆ ಅಲ್ಯೂಮಿನಿಯಂ ಮುಳುಗುತ್ತದೆ, ತೇಲಿಸುವುದು ಈ ಫೋಮೇ. ನೀರು ಕುಡಿದ ಫೋಮ್ ಇದ್ದರೆ ಸುಮ್ನೆ ಭಾರ ಅಷ್ಟೇ.

ಹಾಗಾದರೆ ಯಾರಿಗೆ ಯಾವುದು? ಅನಗವಾಡಿ ಕಡೆ ಘಟಪ್ರಭೆಯ ದಂಡೆ ಗುಂಟ ಬಲೆ ಬಿಟ್ಟು, ಬೇಸಿಗೆಯಲ್ಲೂ ಕೆಲಸ ನಿಲ್ಲಿಸದವರು ಚಪ್ಪಟೆಯದ್ದು ತಗೊಳ್ಳಿ, ಗಾಳಿ ಏಳುವ ಮೊದಲೇ ದಂಡೆ ಸೇರಿ. ಪಟ್ಟದಕಲ್ಲಿನ ಹತ್ತಿರದ ಮಲಪ್ರಭೆಯಂಥ ಕಿರಿದಾದ ನದಿಗೂ ಅದೇ ಸಾಕು, ಅಲ್ಲಿ ಅಲೆಯ ಭಯ ಇಲ್ಲ. ತುಂಬಿದ ಹಿನ್ನೀರನ್ನು ಅಡ್ಡ ದಾಟುವವರು, ಜನರನ್ನು ಕೂರಿಸಿಕೊಳ್ಳುವವರು, ಕೂಡಲಸಂಗಮದ ಕಡೆಯ ಅಗಲ ನೀರಿನಲ್ಲಿ ಓಡಾಡುವವರು ವಿ ತಳದ್ದನ್ನೇ ತಗೊಳ್ಳಿ, ಎಂಜಿನ್ನಿಗೆ ನಾಲ್ಕು ಕಾಸು ಜಾಸ್ತಿ ಹೋದರೂ ಸರಿ. ಹಿಡಕಲ್ ಮತ್ತು ನವಿಲುತೀರ್ಥ ಜಲಾಶಯಗಳಿಗೂ ನನ್ನ ಮಾತು ಇದೇ. ಎರಡೂ ಕೆಲಸ ಬೇಕು ಅನ್ನುವವರಿಗೆ ನಡುವಿನದ್ದೊಂದಿದೆ: ಮೂತಿ ವಿ, ಹಿಂದಕ್ಕೆ ಬಂದಂತೆ ತಳ ಚಪ್ಪಟೆ. ಸೆಮಿ-ವಿ ಅಂತ ಕೇಳಿ. ಕೆಸರಿಗೆ ಅಷ್ಟು ಚೆನ್ನಾಗಿಲ್ಲ, ಆದರೆ ಅಲೆಗೆ ಚಪ್ಪಟೆಯದ್ದಕ್ಕಿಂತ ಎಷ್ಟೋ ಮೇಲು, ನಿಂತಾಗಲೂ ಅಷ್ಟು ವಾಲುವುದಿಲ್ಲ.

ದುಡ್ಡು ಕೊಡುವ ಮೊದಲು ಕಾಗದ ಕೇಳಿ. ಎಂಜಿನ್ನಿನಿಂದ ಓಡುವ ಒಳನಾಡು ದೋಣಿಗಳ ನೋಂದಣಿ, ತಪಾಸಣೆಗೆ 2021ರ ಒಳನಾಡು ಹಡಗುಗಳ ಕಾಯ್ದೆ ಇದೆ. ನಿಮ್ಮ ದೋಣಿಗೆ ಏನೇನು ಬೇಕು ಅಂತ ಮೊದಲೇ ವಿಚಾರಿಸಿ. ಮೀನಿಗಾದರೆ ಮೀನುಗಾರಿಕೆ ಇಲಾಖೆಯ ಕಚೇರಿಗೂ ಹೋಗಿ ಬನ್ನಿ. ಲೈಫ್ ಜಾಕೆಟ್ ತಲೆಗೊಂದು, ಅದನ್ನು ಸೀಟಿನ ಕೆಳಗೆ ತುರುಕದೆ ಮೈಮೇಲೆ ಹಾಕಿಕೊಳ್ಳಿ.

ಒಯ್ಯುವುದನ್ನೂ ಯೋಚಿಸಿಡಿ. ಚಪ್ಪಟೆಯದ್ದು ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಹಾಗೇ ಕೂರುತ್ತದೆ. ವಿ ತಳದ್ದಕ್ಕೆ ಎರಡೂ ಬದಿಗೆ ಮರದ ಆಸರೆ ಕೊಟ್ಟು, ಮರಕ್ಕೆ ಗೋಣಿಚೀಲ ಸುತ್ತಿ, ಮುಂದೊಂದು ಹಿಂದೊಂದು ಹಗ್ಗ ಬಿಗಿಯಿರಿ. ಎಂಜಿನ್ ಬಿಚ್ಚಿ ಬೇರೆ ಇಡಿ. ಅದರ ಭಾರ ಹೊತ್ತು ಹೊಲದ ದಾರಿಯಲ್ಲಿ ಕುಲುಕಿದರೆ ಹಿಂದಿನ ಹಲಗೆ ನೀರು ಕಾಣುವ ಮೊದಲೇ ಸಡಿಲಾಗುತ್ತದೆ.